ಬೋಲ್ಟ್ ಇಲ್ಲದ ರೈಫಲ್

ಬಂದೂಕಿನ ಅಂಗಡಿಯವರು ಪೆಟ್ಟಿಗೆಯಿಂದ ರೈಫಲ್ಲನ್ನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು. ಆಮೇಲೆ ಖಾಲಿ ಪೆಟ್ಟಿಗೆಯೊಳಗೆ ಕೈಯಾಡಿಸಿದರು. ತಳಕ್ಕೆ ಹಾಸಿದ್ದ ಸ್ಪಂಜನ್ನೂ ಎತ್ತಿ ನೋಡಿದರು.

"ಮೇಡಂ, ಇದರ ಬೋಲ್ಟ್ ಎಲ್ಲಿ?"

"ಅದರಲ್ಲೇ ಇರಬೇಕಲ್ಲ?"

"ಇರಬೇಕು. ಇಲ್ಲ. ಗುಂಡನ್ನ ಒಳಗೆ ತಳ್ಳೋದೇ ಬೋಲ್ಟು. ಅದಿಲ್ಲ ಅಂದ್ರೆ ಇದು ಬರೀ ಕೊಳವೆ, ಬಟ್ಟೆ ಒಣಹಾಕಬಹುದು ಅಷ್ಟೆ. ಆ ಕಡೆ ಬಂದೂಕಿನ ಅಂಗಡಿಯವನು ಕಣ್ಣು ಮುಚ್ಕೊಂಡು ಪಾರ್ಸಲ್ ಕಟ್ಟಿದ್ದಾನೆ. ರೈಫಲ್ಲು, ಬೋಲ್ಟು ಎರಡರ ನಂಬರೂ ತಾಳೆಯಾಗದೆ ನಾನಿದನ್ನ ನಿಮ್ಮ ಕೈಗೆ ಕೊಡೋ ಹಾಗಿಲ್ಲ."

ಅವಳು ಖಾಲಿ ಪೆಟ್ಟಿಗೆಯನ್ನು ತನ್ನತ್ತ ಎಳೆದು ತಾನೂ ನೋಡಿದಳು. ಗಂಡನ ರೈಫಲ್ಲು ಗಡಿಯಾಚೆಯ ಅತ್ತೆಯ ಮನೆಯಿಂದ ಈಚೆಗೆ ಬರಬೇಕಾದರೆ ಎರಡು ರಾಜ್ಯಗಳ ಪೊಲೀಸರು ಒಪ್ಪಬೇಕಾಗಿತ್ತು. ವಾರಸುದಾರಳೆಂದು ಸಾಬೀತಾಗಬೇಕಾಗಿತ್ತು, ಅವಳ ಹೆಸರಿಗೆ ಲೈಸೆನ್ಸ್ ಆಗಬೇಕಾಗಿತ್ತು. ಎದೆನೋವೆಂದು ಆಸ್ಪತ್ರೆಗೆ ಹೋದ ಗಂಡ ಮರಳಿರಲಿಲ್ಲ. ಅಂದಿನಿಂದ ಅವಳು ಮಾಡಿದ್ದು ಇದೊಂದೇ ಕೆಲಸ. ಬಂದೂಕು ಯಾಕೆ ಎಂದು ಪ್ರತಿ ಮೇಜಿನಲ್ಲೂ ಕೇಳಿದರು. ನೆನಪಿಗೆ, ಎಂದಳು. ನೀವು ಹೇಗಿದ್ದೀರಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಒಂದು ಸುಳ್ಳು ಸಿದ್ಧವಿತ್ತು.

"ಫೋನ್ ಮಾಡಿ ತರಿಸಿ ಮೇಡಂ. ಇಲ್ಲಾಂದ್ರೆ ಬಂದ ದಾರೀಲೇ ವಾಪಸ್ ಕಳಿಸ್ಬೇಕಾಗುತ್ತೆ."

ಬಾಗಿಲ ಬಳಿ ಹೋಗಿ ಅತ್ತೆಗೆ ಫೋನ್ ಮಾಡಿದಳು. ಕಾದು ಕೂತವರಂತೆ ಅತ್ತೆ ತಕ್ಷಣ ಎತ್ತಿದರು.

"ಅತ್ತೆ, ರೈಫಲ್ ಬಂತು. ಬೋಲ್ಟ್ ಹಾಕೋದು ಮರೆತಿದ್ದೀರಿ."

"ಮರೆತಿಲ್ಲ ಕಣಮ್ಮ. ನನ್ನ ಹತ್ರ ಇದೆ. ಹೊಲಿಗೆ ಮಿಷನ್ ಡ್ರಾಯರಲ್ಲಿ, ಅದರ ಜಾಗದಲ್ಲೇ."

"ಕಾನೂನು ಪ್ರಕಾರ ಅದು ಈಗ ನನ್ನದು ಅತ್ತೆ. ನೀವು ಇಟ್ಕೊಂಡ್ರೆ ಪೊಲೀಸರು ಬರ್ತಾರೆ."

"ಬರಲಿ ಬಿಡು, ಕಾಫಿ ಕೊಡ್ತೀನಿ. ನಿನ್ನದಲ್ಲ ಅಂತ ನಾನೆಲ್ಲಿ ಅಂದೆ? ನನ್ನ ತಕರಾರಿಲ್ಲ ಅಂತ ಅವರ ಮುಂದೆ ಸಹಿ ಹಾಕಿದವಳೂ ನಾನೇ."

"ಮತ್ತೆ?"

"ನಿನ್ನ ಮಾವನ ಕೆಲಸ ಹೋದಾಗ ಒಂದು ಮಧ್ಯಾಹ್ನ ರೂಮಿನ ಬಾಗಿಲು ಹಾಕ್ಕೊಂಡು, ಇದನ್ನೇ ತೊಡೆ ಮೇಲಿಟ್ಕೊಂಡು ಕೂತಿದ್ರು. ಏನ್ರೀ ಅಂದೆ. ಒರೆಸ್ತಾ ಇದ್ದೆ ಅಂದ್ರು. ಒರೆಸೋ ಬಟ್ಟೆ ಅಡುಗೆ ಮನೇಲಿತ್ತು. ಅವತ್ತೇ ಬೋಲ್ಟ್ ಬಿಚ್ಚಿಸಿ ಇಸ್ಕೊಂಡೆ. ಗುರಿ ಹೊಡೆಯೋಕೆ ಹೋಗೋ ದಿನ ಬಂದು ನನ್ನನ್ನ ಕೇಳಬೇಕು. ಮುಖ ನೋಡಿ ಕೊಡ್ತಿದ್ದೆ. ಅವರಾದ ಮೇಲೆ ನಿನ್ನ ಗಂಡನಿಗೂ ಹಾಗೇ."

"ಇವರೂ ಬಂದು ಕೇಳ್ತಿದ್ರಾ?"

"ಹೂಂ. ಮೀಸೆ ಬಂದ ಮಗ, ಗೊಣಗಿಕೊಂಡೇ ಕೈ ಚಾಚ್ತಿದ್ದ. ಒಂದೊಂದು ಭಾನುವಾರ ಕೊಡ್ತಾನೇ ಇರಲಿಲ್ಲ. ಊಟ ಹಾಕಿ, ಸ್ವಲ್ಪ ಹೊತ್ತು ಮಲಗಿಸಿ ಕಳಿಸ್ತಿದ್ದೆ. ಅವನು ಹೋದ ಮೇಲೆ ಇದನ್ನ ಕೇಳೋರೇ ಇರಲಿಲ್ಲ. ಈಗ ನೀನು ಕೇಳ್ತಿದ್ದೀಯ."

ಅವಳು ಬಾಗಿಲಿಗೆ ಒರಗಿದಳು. ಆಚೆ ರಾಜ್ಯದ ಲೈಸೆನ್ಸು ಈಚೆ ನಡೆಯುವುದಿಲ್ಲವೆಂದು ರೈಫಲ್ಲು ಅತ್ತೆಯ ಮನೆಯಲ್ಲೇ ಇರುತ್ತಿತ್ತು. ಭಾನುವಾರ ಬಂತೆಂದರೆ ಗಂಡ ಗಡಿ ದಾಟಿ ಗುರಿ ಹೊಡೆಯುವ ಅಭ್ಯಾಸಕ್ಕೆ ಹೋಗಿಬಿಡುತ್ತಿದ್ದ. ಕೆಲವು ಸಂಜೆ ಬಂದವನು, ಮೈದಾನಕ್ಕೆ ರಜೆ ಇತ್ತು ಎನ್ನುತ್ತಿದ್ದ. ಅವಳು ಹೌದೇ ಎಂದು ತಟ್ಟೆ ಇಡುತ್ತಿದ್ದಳು. ಆ ಸಂಜೆಗಳಲ್ಲಿ ಅವನ ಮುಖ ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದಳು. ಆಗಲಿಲ್ಲ.

"ನಾನು ಸರಿಯಾಗಿದ್ದೀನಿ ಅತ್ತೆ. ಅದೊಂದು ಕಳಿಸಿಕೊಡಿ."

"ಸರಿಯಾಗಿದ್ರೆ ವಿಡಿಯೋ ಹಾಕು. ಅವನ ಕಾರ್ಯ ಮುಗಿಸಿ ಹೋದವಳು ಬರೀ ದನಿ ಕೇಳಿಸ್ತಿದ್ದೀಯ. ನೋಡ್ತೀನಿ."

"ಅಂಗಡೀಲಿದ್ದೀನಿ."

"ಅಂಗಡಿಯವರು ನಿನ್ನ ಮುಖ ನೋಡಬಹುದು, ನಾನು ನೋಡಬಾರದಾ?"

ಒಳಗೆ ಅಂಗಡಿಯವರು ಕೆಮ್ಮಿ, ಕೈಗೆ ಸಿಕ್ಕಿದ ಬಟ್ಟೆಯಿಂದ ಒರೆಸಿದ್ದ ಗಾಜನ್ನೇ ಮತ್ತೆ ಒರೆಸತೊಡಗಿದರು. ಅವಳು ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ತುಟಿಗಳನ್ನು ಒದ್ದೆ ಮಾಡಿಕೊಂಡು, ನಗು ತಂದುಕೊಂಡು ಗುಂಡಿ ಒತ್ತಿದಳು.

ಮೊದಲು ಅತ್ತೆಯ ಮನೆಯ ಫ್ಯಾನು ಕಂಡಿತು, ಆಮೇಲೆ ಹಣೆ, ಆಮೇಲೆ ಎರಡು ಕಣ್ಣು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ಫೋನನ್ನು ಹತ್ತಿರ ತಂದರು. ನೋಡುತ್ತಲೇ ಇದ್ದರು. ಅವಳ ಕೆನ್ನೆ ನೋಯತೊಡಗಿತು. ಆದರೂ ನಗುವನ್ನು ಬಿಡಲಿಲ್ಲ.

"ಇವತ್ತು ಬೇಡ ಕಣಮ್ಮ," ಎಂದರು ಅತ್ತೆ. "ಭಾನುವಾರ ಊಟಕ್ಕೆ ಬಾ. ಮತ್ತೆ ನೋಡ್ತೀನಿ."