ರೇಸಿಗೆ ಮುಂಚಿನ ನಡುಕ

ಮುಂಜಾನೆಯ ಚಳಿಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಸ್ಟಾರ್ಟ್ ಆದೊಡನೆ ಗಡಗಡ ನಡುಗಿ, ಕೆಮ್ಮಿ, ನಿಂತುಹೋಯಿತು.

"ಇಷ್ಟು ದಿನ ಏನಯ್ಯಾ ಕಡಿದು ಕಟ್ಟೆ ಹಾಕಿದ್ದು? ಭಾನುವಾರ ಬೆಟ್ಟದ ರೇಸು! ಗೆಳೆಯರೆಲ್ಲ ಬಂದು ನಿಂತಿರ್ತಾರೆ!" ಕಾರಿನ ಯಜಮಾನ ಮೆಕ್ಯಾನಿಕ್ ಇನಾಯತನ ಮೇಲೆ ರೇಗಿ, ದಡದಡನೆ ಮನೆಯೊಳಗೆ ಹೋದ.

ವರಾಂಡದಲ್ಲಿ ಕಾಫಿ ಹಿಡಿದು ನಿಂತಿದ್ದ ಅವನ ಹೆಂಡತಿ ಅದನ್ನೆಲ್ಲ ಕೇಳಿಸಿಕೊಂಡಳು. ಬಾನೆಟ್ ಎತ್ತಿ, ಗಾಳಿ ಸೋರುವಂತೆ ಎಂಜಿನ್ನಿನ ರಬ್ಬರ್ ಪೈಪನ್ನು ಸಡಿಲಿಸಿದವಳು ಅವಳೇ. ವರ್ಷಗಟ್ಟಲೆ ಗಂಡನ ರಿಪೇರಿಗೆ ಟಾರ್ಚು ಹಿಡಿದ ಕೈಗೆ ಅದೇನೂ ಕಷ್ಟವಾಗಿರಲಿಲ್ಲ. ಅವನಿಗೆ ಹೃದಯದ ಆಪರೇಷನ್ ಆಗಿ ಇನ್ನೂ ವರ್ಷ ತುಂಬಿಲ್ಲ, ರೇಸು ಬೇಡವೆಂದು ಗೋಗರೆದರೆ, "ನನ್ನನ್ನ ಹೇಡಿ ಮಾಡ್ಬೇಡ ಕಣೇ" ಎಂದು ನಕ್ಕುಬಿಟ್ಟಿದ್ದ. ಆದರೆ ತನ್ನ ತಪ್ಪಿಗೆ ಬಡಪಾಯಿಯೊಬ್ಬ ದಿನವೂ ಬೈಸಿಕೊಳ್ಳುವುದನ್ನು ಎಷ್ಟೆಂದು ನೋಡುವುದು?

ಅವಳು ಕೆಳಗಿಳಿದು ಇನಾಯತನ ಕೈಗೆ ಲೋಟ ಕೊಟ್ಟು ದನಿ ತಗ್ಗಿಸಿದಳು.

"ನಿನ್ನ ಕೆಲಸದಲ್ಲಿ ತಪ್ಪಿಲ್ಲಪ್ಪ. ಆ ರಬ್ಬರ್ ಪೈಪ್ ಸಡಿಲ ಮಾಡಿದ್ದು ನಾನು. ಸರಿ ಮಾಡ್ಬಿಡು. ಆಮೇಲೆ ದೇವರಿಟ್ಟ ಹಾಗಾಗ್ಲಿ."

"ಅದನ್ನ ಮೊದಲ್ನೇ ದಿನಾನೇ ಬಿಗಿ ಮಾಡಿದೆ ಅಮ್ಮಾವ್ರೇ."

"ಮತ್ತೆ ಇನ್ನೂ ಯಾಕೆ ಹಿಂಗೆ ನಡುಗುತ್ತೆ?"

ಇನಾಯತ್ ಬಾಗಿಲ ಕಡೆ ನೋಡಿ ಪಿಸುಗುಟ್ಟಿದ.

"ಚಳೀಲಿ ಎಂಜಿನ್ ನಿಂತುಹೋಗದ ಹಾಗೆ ಹಿಡಿಯೋ ಚೋಕಿನ ವೈರು ಯಜಮಾನ್ರೇ ಬಿಚ್ಚಿ ಜೇಬಲ್ಲಿ ಇಟ್ಕೊಂಡಿದ್ದಾರೆ. 'ಭಾನುವಾರ ಕಳೆಯೋವರೆಗೂ ಬೈಸ್ಕೊಂಡು ಹುಡುಕ್ತಾ ಇರು, ನಿಮ್ಮಮ್ಮಾವ್ರಿಗೆ ಮಾತ್ರ ಹೇಳ್ಬೇಡ' ಅಂದಿದ್ದಾರೆ."