ಬೋಣಿ ಮಾಡಿದ ಕೈ

ಹುಬ್ಬಳ್ಳಿಯ ಉದ್ಯಮಿ ವಿರೂಪಾಕ್ಷಪ್ಪ ಹೊಂಬಳ ದೇಶ ಸುತ್ತಿ ಬಂದರು... ಫಿನ್ಲೆಂಡ್, ಸಿಂಗಾಪುರ, ಇಸ್ರೇಲ್...

ಹೊಸ ಕಂಪನಿ ಕಟ್ಟುವ ಹುಡುಗರಿಗೆ ಅಲ್ಲಿ ಏನೇನು ಅನುಕೂಲವಿದೆ ಎಂದು ನೋಡಿ, ಫೋನಿನ ತುಂಬ ಫೋಟೊ ತಂದರು.

ಬಂದವರೇ ತಮ್ಮ ಕಾರ್ಖಾನೆಯ ಪಕ್ಕದಲ್ಲೇ ಒಂದು ಸ್ಟಾರ್ಟ್‌ಅಪ್ ಕೇಂದ್ರ ಕಟ್ಟಿಸಿದರು. ಗಾಜಿನ ಗೋಡೆ, ಮೆತ್ತನೆಯ ಬಣ್ಣಬಣ್ಣದ ಕುರ್ಚಿ, ಕಾಫಿ ಮಷೀನು... ಎಲ್ಲ ಫೋಟೊದಲ್ಲಿದ್ದ ಹಾಗೇ. ಬಾಡಿಗೆಯೂ ಇಲ್ಲ!

ಆದರೂ ವರ್ಷ ತುಂಬುವುದರೊಳಗೆ ಕೋಣೆಗಳು ಒಂದೊಂದಾಗಿ ಖಾಲಿಯಾದವು.

ಕೊನೆಗೆ ಉಳಿದವಳು ತಬಸ್ಸುಮ್ ನದಾಫ್. ತಗಡು ಒತ್ತುವ ಪ್ರೆಸ್ಸಿನೊಳಗೆ ಕೆಲಸಗಾರನ ಕೈ ಹೋದರೆ, ತಕ್ಷಣ ಯಂತ್ರ ನಿಲ್ಲಿಸುವ ಸಾಧನ ಮಾಡಿದ್ದಳು.

ಅವಳ ಅಪ್ಪನ ಎಡಗೈ ಬೆರಳುಗಳನ್ನು ಅಂಥದ್ದೇ ಒಂದು ಪ್ರೆಸ್ ನುಂಗಿತ್ತು...

ಒಂದು ಬೆಳಿಗ್ಗೆ ಅವಳೂ ಬಂದು ವಿರೂಪಾಕ್ಷಪ್ಪ ಸಾಹೇಬರ ಮೇಜಿನ ಮೇಲೆ ತನ್ನ ಕೋಣೆಯ ಕೀಲಿಕೈ ಇಟ್ಟಳು.

"ಯಾಕವ್ವಾ, ಏನ್ ಕಡಿಮಿ ಆತು? ನಮ್ಮ ಕಾಫಿ ಸೇರಲಿಲ್ಲೇನು?" ಸಾಹೇಬರು ನಗಿಸಲು ನೋಡಿದರು.

"ಕಾಫಿ ಭಾಳ ಚೊಲೋ ಐತ್ರಿ ಸರ. ಬೋಣಿ ಆಗಲಿಲ್ರಿ."

"ಅಂದ್ರ?"

"ಯಾ ಕಾರ್ಖಾನಿಗೆ ಹೋದ್ರೂ ಒಂದ ಮಾತ್ರಿ... 'ಈಗ ಎಲ್ಲೆಲ್ಲಿ ಹಾಕೀರಿ?' ಅಂತಾರ. ಎಲ್ಲೂ ಇಲ್ರಿ ಅಂದ್ರ, 'ಹಾಕಿದ ಮ್ಯಾಲೆ ಬರ್ರಿ' ಅಂತಾರ. ಎಲ್ಲಾರೂ ಎರಡನೇ ಗಿರಾಕಿ ಆಗಾಕ ತಯಾರ ಅದಾರ್ರಿ. ಮೊದಲನೇದವ್ರ ಇಲ್ಲ."

ಸಾಹೇಬರಿಗೆ ಸಿಟ್ಟು ಬಂತು. "ಯಾರವರು? ಹೆಸರು ಹೇಳು, ಈಗ ಫೋನ್ ಹಚ್ಚತೇನಿ."

ಅವಳು ತಲೆ ತಗ್ಗಿಸಿದಳು.

"ಮೊದಲ ನಿಮ್ಮ ಕಾರ್ಖಾನಿಗೇ ಹೋಗಿದ್ನಿರಿ..."

ಸಾಹೇಬರು ಫೋನಿಗೆ ಚಾಚಿದ್ದ ಕೈ ಹಿಂದೆ ತೆಗೆದರು.

ಆಗ ಅವರಿಗೆ ನೆನಪಾಯಿತು... ಪ್ರವಾಸದಲ್ಲಿ ಒಂದು ದೊಡ್ಡ ಆಸ್ಪತ್ರೆ ತೋರಿಸಿದ್ದರು. ಅಲ್ಲಿಯ ವೈದ್ಯರು ನಿನ್ನೆ ಮೊನ್ನೆ ಹುಟ್ಟಿದ ಕಂಪನಿಯ ಉಪಕರಣ ಪರೀಕ್ಷೆಗೆ ಇಟ್ಟುಕೊಂಡಿದ್ದರು. "ಚೆನ್ನಾಗಿದ್ದರೂ ಹೇಳುತ್ತೇವೆ, ಕೆಟ್ಟರೂ ಹೇಳುತ್ತೇವೆ. ಇಲ್ಲದಿದ್ದರೆ ಅವರು ಕಲಿಯುವುದೆಲ್ಲಿ?" ಎಂದಿದ್ದರು.

ಸಾಹೇಬರು ಆ ಹೊತ್ತಿನಲ್ಲಿ ಕುರ್ಚಿಗಳ ಫೋಟೊ ತೆಗೆಯುತ್ತಿದ್ದರು...

ಅದಕ್ಕಿಂತ ಹಳೆಯದೊಂದು ನೆನಪೂ ಬಂತು. ತಗಡಿನ ಶೆಡ್ಡಿನಲ್ಲಿ ತಾವು ಎರಕ ಹೊಯ್ದ ಮೊದಲ ಚಕ್ರ. ಹಿಟ್ಟಿನ ಗಿರಣಿಯ ಚನಬಸಪ್ಪ ಕಾಕಾ, "ನಿನ್ನ ಬೋಣಿ ನನ್ನ ಕೈಲೇ ಆಗ್ಲಿ" ಎಂದು ಅದನ್ನು ತಮ್ಮ ಗಿರಣಿಗೆ ಕೊಂಡಿದ್ದರು.

ಮರುದಿನವೇ ಚಕ್ರ ಒಡೆಯಿತು!

ಕಾಕಾ ಚೂರುಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದಾಗ, ಏಟು ಬೀಳುತ್ತದೆ ಎಂದೇ ಇವರು ಅಂದುಕೊಂಡಿದ್ದರು. ಕಾಕಾ ಹೇಳಿದ್ದು ಇಷ್ಟೇ: "ಎಲ್ಲಿ ತಪ್ಪೇತಿ ನೋಡು ತಮ್ಮಾ. ಇನ್ನೊಂದು ಮಾಡ್ಕೊಂಡು ಬಾ. ಅಲ್ಲೀತನಕ ಗಿರಣಿ ನಿಂದರ್ಲಿ."

ಸಾಹೇಬರು ಕೀಲಿಕೈ ಎತ್ತಿ ತಬಸ್ಸುಮ್ ಕೈಯಲ್ಲೇ ಇಟ್ಟರು. "ನಡಿ, ಕಾರ್ಖಾನಿಗೆ ಹೋಗೂಣು."

ಸಾಧನವನ್ನು ಒಂದು ಪ್ರೆಸ್ಸಿಗೆ ಜೋಡಿಸಿದರು. ಯಾರೂ ಕೈ ಹಾಕದಿದ್ದರೂ ಯಂತ್ರ ಮತ್ತೆ ಮತ್ತೆ ನಿಂತುಬಿಟ್ಟಿತು.

"ಸಾಹೇಬ್ರ, ನೊಣ ಕುಂತ್ರೂ ನಿಂದರ್ತೈತ್ರಿ ಇದು! ಕಿತ್ತ ಒಗೀಲೇನ್ರಿ?" ಎಂದ ಮ್ಯಾನೇಜರ್. ಎಲ್ಲರೂ ನಕ್ಕರು.

ತಬಸ್ಸುಮ್ ಮುಖ ಬಾಡಿತು.

ಸಾಹೇಬರು ಅವಳ ಪಕ್ಕ ನೆಲದ ಮೇಲೇ ಕುಳಿತರು. "ಎಲ್ಲಿ ತಪ್ಪೇತಿ ನೋಡು ತಂಗೀ. ಇನ್ನೊಂದು ಮಾಡ್ಕೊಂಡು ಬಾ. ಅಲ್ಲೀತನಕ... ಪ್ರೆಸ್ ನಿಂದರ್ಲಿ."

ಆ ಮಾತು ಅವರದಾಗಿರಲಿಲ್ಲ...

ಎಣ್ಣೆ ಹನಿ ಸಿಡಿದರೂ ಕೈಯೆಂದು ತಿಳಿಯುತ್ತಿದ್ದ ಸಾಧನದ ಸೆನ್ಸರ್ ಕಣ್ಣನ್ನು ತಬಸ್ಸುಮ್ ತಿದ್ದಿದಳು. ಎರಡನೆಯ ಸಾಧನ ಸುಮ್ಮಸುಮ್ಮನೆ ನಿಲ್ಲಲಿಲ್ಲ. ಕೈಯ ಬದಲು ಬದನೆಕಾಯಿ ಇಟ್ಟು ನೋಡಿದರು... ಪ್ರೆಸ್ ಗಕ್ಕನೆ ನಿಂತಿತು!

ಸಾಧನದ ಬೆಲೆಯ ಚೆಕ್ ಕೈಗೆ ಬಂದಾಗ ತಬಸ್ಸುಮ್, ಬೋಣಿಯ ದುಡ್ಡು ಹಿಡಿದ ಸಂತೆಯ ಹೆಂಗಸರ ಹಾಗೆ ಅದನ್ನು ಕಣ್ಣಿಗೊತ್ತಿಕೊಂಡಳು.

ಜೊತೆಗೆ ಬಂದಿದ್ದ ಅವಳ ಅಪ್ಪ, ಬೆರಳಿಲ್ಲದ ಎಡಗೈಯಿಂದ, ಆ ಪುಟ್ಟ ಸಾಧನವನ್ನು ಒಮ್ಮೆ ಸವರಿದ...

ಕುರ್ಚಿ ಕೊಡುವವರು ಬಹಳ ಮಂದಿ ಸಿಗುತ್ತಾರೆ; ಹೊಸಬರನ್ನು ಉಳಿಸುವುದು, ಒಡೆದ ಮೇಲೂ ತಿರುಗಿ ಬರುವ ಮೊದಲ ಗಿರಾಕಿ.

ನಿಮ್ಮ ಬೋಣಿ ಯಾರ ಕೈಯಿಂದ ಆಗಿತ್ತು, ನೆನಪಿದೆಯೇ? ನೀವು ಯಾರಿಗೆ ಮಾಡಿದ್ದೀರಿ?