ಮೊಂಡು ಪೆಟ್ಟು

ಎಡಗಣ್ಣಿನ ನೋಟ ಇನ್ನು ಬರುವುದಿಲ್ಲವೆಂದು ಗೊತ್ತಾದ ದಿನ ಮುದಿ ಬಡಗಿ ನಕ್ಕುಬಿಟ್ಟ. ಕಣ್ಣಿನ ಡಾಕ್ಟರು ಚೀಟಿಯಲ್ಲಿ ಬರೆದು ಓದಿ ಹೇಳಿದ್ದು ಎರಡೇ ಮಾತು: ಮೊಂಡು ಪೆಟ್ಟು.

“ಯಾಕಜ್ಜ ನಗು?”

“ನಮ್ಮಮ್ಮ ಅಪ್ಪನಿಗೆ ಇಟ್ಟಿದ್ದ ಹೆಸರೇ ಅದು ಡಾಕ್ಟ್ರೇ, ಮೊಂಡ ಅಂತ,” ಎಂದಳು ಪಕ್ಕದಲ್ಲಿದ್ದ ಮಗಳು. ಅವಳು ನಗಲಿಲ್ಲ.

ಹೆಂಡತಿ ತೀರಿಕೊಂಡು ಮೂರು ತಿಂಗಳು. ಅವಳು ಕೂರುತ್ತಿದ್ದ ಕುರ್ಚಿಯ ಒಂದು ಕಾಲು ಹನ್ನೊಂದು ವರ್ಷದಿಂದ ಅಲುಗಾಡುತ್ತಿತ್ತು. ಊರವರ ಬಾಗಿಲು ಕಿಟಕಿಗಳನ್ನೆಲ್ಲ ನೆಟ್ಟಗೆ ಮಾಡಿಕೊಟ್ಟವನಿಗೆ ಅದೊಂದಕ್ಕೆ ಪುರುಸೊತ್ತಿರಲಿಲ್ಲ. “ನಾಳೆ” ಎನ್ನುತ್ತಿದ್ದ. ಅವಳು ಕಾಲಿನಡಿಗೆ ಮಡಚಿದ ಕಾಗದ ತುರುಕಿ ಕೂರುತ್ತಿದ್ದಳು. ಕೂರುವವಳು ಹೋದ ಮೇಲೆ ಆ ನಾಳೆ ಬಂತು.

ಉಳಿ ಹಿಡಿದಷ್ಟು ಹೊತ್ತು ಕೆಲಸದ ಕನ್ನಡಕ ಹಾಕಿದ್ದ; ಉಳಿ ಚೂಪು. ಮರದ ಕೊಡತಿ ಎತ್ತಿಕೊಳ್ಳುವಾಗ ತೆಗೆದಿಟ್ಟ. ಮೊಂಡು ವಸ್ತು ಕಣ್ಣಿಗೇನು ಮಾಡೀತು? “ಕೊಡತಿಗೂ ಹಾಕ್ಕೊಳ್ರೀ” ಎಂದು ಗೊಣಗುವವಳೂ ಇರಲಿಲ್ಲ. ಮೂರನೇ ಏಟಿಗೆ ಕುರ್ಚಿಯ ಕಾಲು ಚಿಮ್ಮಿ ನೇರ ಕಣ್ಣಿಗೇ ಬಡಿಯಿತು. ಚರ್ಮ ಹರಿಯಲಿಲ್ಲ. “ಒಂದು ಹನಿ ರಕ್ತ ಬಂತಾ? ಮತ್ತೆ ಅದೆಂಥ ಗಾಯ?” ಎಂದು ಮಗಳ ಬಾಯಿ ಮುಚ್ಚಿಸಿ ತಿಂಗಳು ಕಳೆದ. ಕಣ್ಣಿನೊಳಗೆ ಕಪ್ಪು ಪರದೆಯೊಂದು ಇಳಿಯತೊಡಗಿದಾಗಲೂ, ಅತ್ತು ಅತ್ತು ಹೀಗಾಗಿದೆ ಎಂದುಕೊಂಡ.

“ಕಣ್ಣುಗುಡ್ಡೆ ನೀರು ತುಂಬಿದ ಬಲೂನಿನ ಹಾಗೆ ಅಜ್ಜ,” ಎಂದರು ಡಾಕ್ಟರು. “ ಮುಂದಿನಿಂದ ಗುದ್ದಿದ್ರೆ ಪಕ್ಕಕ್ಕೆ ಉಬ್ಬುತ್ತೆ. ಹೊರಗೆ ಏನೂ ಕಾಣಲ್ಲ, ಒಳಗಿನ ಪದರ ಹರಿದಿರುತ್ತೆ. ಅವತ್ತೇ ಬಂದಿದ್ರೆ ಉಳಿಸ್ಬಹುದಿತ್ತೇನೋ.”

“‘ಅವತ್ತೇ’ ಅನ್ನೋ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ ಡಾಕ್ಟ್ರೇ,” ಎಂದ ಬಡಗಿ.

ಮನೆಗೆ ಬಂದವನೇ ಕುರ್ಚಿಗೆ ಕಾಲು ಕೂರಿಸಿದ, ಕನ್ನಡಕ ಹಾಕಿಕೊಂಡೇ. ಗಾಜು ಎರಡು, ಕಣ್ಣು ಒಂದು. ಕುರ್ಚಿ ಅಲುಗಾಡಲಿಲ್ಲ. ಅದರ ಮೇಲೆ ಕೂರಲು ಮನಸ್ಸಾಗದೆ ಅದರ ಮುಂದೆ ನೆಲದ ಮೇಲೆ ಕೂತು ಕೈ ಮುಗಿದ.

“ದೇವರೇ, ಅವಳ ಆತ್ಮಕ್ಕೆ ಶಾಂತಿ ಕೊಡು. ಕುರ್ಚಿ ಸರಿಯಾಯ್ತು ಅಂತ ಹೇಳು. ಕಣ್ಣಿನ ವಿಷಯ ಮಾತ್ರ ಎತ್ತಬೇಡಪ್ಪ. ಎತ್ತಿದ್ರೆ ಅವಳಿಗೂ ಶಾಂತಿ ಇರಲ್ಲ, ನಿನಗೂ ಇರಲ್ಲ.”